ನಾಲ್ಕು ಕೋರ್ಸಿನ ಕಾಂಚನಾ

ಸಹಕಾರಿ ಸಂಘದ ಶಿರಹಟ್ಟಿ ಶಾಖೆಗೆ ಬಂದ ಆ ಸುತ್ತೋಲೆಯನ್ನು ಪೂರ್ತಿ ಓದಿದವಳು ಕಾಂಚನಾ ಒಬ್ಬಳೇ. ಪ್ರತಿ ನೌಕರನೂ ವಿಶ್ವವಿದ್ಯಾಲಯದ ಒಂದು ಆನ್‌ಲೈನ್ ಕೋರ್ಸು ಆರಿಸಿಕೊಂಡು ಸೋಮವಾರ ಸಂಜೆ ಐದರೊಳಗೆ ಹೆಸರು ನೋಂದಾಯಿಸಬೇಕು. ಆಸಕ್ತಿ ತೋರಿದ ಒಬ್ಬರಿಗೆ ಗದಗಿನ ಮುಖ್ಯ ಕಚೇರಿಗೆ ವರ್ಗ. ಮೂರು ವರ್ಷದಿಂದ ದಿನಾ ಗದಗಿಗೆ ಅಂಟಿಕೊಂಡ ಬೆಟಗೇರಿಯಿಂದ ಬಸ್ಸಿನಲ್ಲಿ ಬಂದು ಹೋಗಿ ಹೈರಾಣಾಗಿದ್ದ ಕಾಂಚನಾಳಿಗೆ ಆ ವರ್ಗವೊಂದು ಸಿಕ್ಕರೆ ಸಾಕಾಗಿತ್ತು. ಹದಿನೈದು ದಿನ ಅಳೆದು ತೂಗಿ ಸೈಬರ್ ಸುರಕ್ಷತೆಯ ಕೋರ್ಸಿಗೆ ಹೆಸರು ಹಚ್ಚಿದ್ದಳು.

ಉಳಿದವರಿಗೆ ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ಎಚ್ಚರವಾಯಿತು.

“ಕಾಂಚನವ್ವಾ, ನನಗೂ ಒಂದು ಕೋರ್ಸ್ ನೋಡವಾ,” ಎಂದು ಹಿರಿಯ ಗುಮಾಸ್ತ ಅಂದಾನಪ್ಪ ಕುರ್ಚಿ ಎಳೆದುಕೊಂಡ. “ಪರೀಕ್ಷಾ ಇರಬಾರ್ದು. ಓದೂದೂ ಇರಬಾರ್ದು.”

“ಅದಕ್ಕ ನಿದ್ದಿ ಅಂತಾರ್ರೀ ಅಂದಾನಪ್ಪಾರ!”

ಕೊನೆಗೆ ಅವನಿಗೆ ಜೇನು ಸಾಕಣೆ ಹಿಡಿಸಿತು. ಕ್ಯಾಶ್ ಕೌಂಟರಿನ ಸುಮಿತ್ರವ್ವ ಮೊದಲು ಕೇಕ್ ತಯಾರಿಕೆ ಎಂದಳು, ಸಕ್ಕರೆ ಕಾಯಿಲೆ ನೆನಪಾಗಿ ಯೋಗ ಎಂದಳು, ಮೊಣಕಾಲು ನೆನಪಾಗಿ ಮತ್ತೆ ಕೇಕಿಗೇ ಬಂದಳು. ಜವಾನ ಸಿದ್ದಾರೂಢನಿಗೆ ಡ್ರೋನ್ ಹಾರಿಸುವುದೇ ಬೇಕು.

“ನಿಮ್ಮ ಫೋನಿಗೆ ಓಟಿಪಿ ಬಂದಿರತೈತಿ, ಹೇಳ್ರಿ,” ಎಂದಳು ಕಾಂಚನಾ.

ಅಂದಾನಪ್ಪ ಫೋನನ್ನು ಎದೆಗವಚಿಕೊಂಡ. “ಯಾರಿಗೂ ಓಟಿಪಿ ಹೇಳಬ್ಯಾಡ್ರಿ ಅಂತ ದಿನಾ ಗಿರಾಕಿಗೋಳಿಗೆ ಹೇಳಾಂವ ನಾನು. ಈಗ ನಾನ ಹೇಳ್ಲ್ಯಾ?”

ಸುಮಿತ್ರವ್ವ ತನ್ನ ಫೋನನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಿಬಿಟ್ಟಳು. “ನಿನ್ನ ನಂಬರ ಹಾಕವಾ. ನಿನ್ನ ಮ್ಯಾಲೆ ನಮಗ ಭರೋಸಾ ಐತಿ.”

ಭರೋಸಾ ಇದ್ದರೆ ಓಟಿಪಿ ಹೇಳಲು ಏನು ಧಾಡಿ? ಕಾಂಚನಾಳ ಮೈಯೆಲ್ಲಾ ಉರಿಯಿತು. ಗಂಟೆ ನಾಲ್ಕೂವರೆಯಾಗಿತ್ತು. ಹಲ್ಲು ಕಚ್ಚಿಕೊಂಡು ಮೂವರಿಗೂ ತನ್ನ ನಂಬರನ್ನೇ ಹಾಕಿ, ಪರದೆಯ ಮೇಲೆ ಬಂದ ಸೂಚನೆ ಒಂದನ್ನೂ ಓದದೆ ‘ಮುಂದುವರಿಸಿ’ ಎಂಬುದನ್ನು ಕುಟ್ಟುತ್ತಾ ಹೋದಳು.

ಐದೂವರೆಗೆ ಮುಖ್ಯ ಕಚೇರಿಯ ಸಾಹೇಬರ ಫೋನು ಬಂತು. ಎಲ್ಲರೂ ಸುತ್ತ ನೆರೆದರು. ಕಾಂಚನಾ ಸ್ಪೀಕರ್ ಹಾಕಿದಳು.

“ಕಾಂಚನಾ ಅವರ, ಶಾಭಾಸ್! ಶಿರಹಟ್ಟಿಯಿಂದ ಹೆಸರು ಬಂದಿದ್ದು ನಿಮ್ಮದೊಂದ. ನಾಲ್ಕು ಕೋರ್ಸ್! ಸೈಬರ್, ಜೇನು, ಕೇಕು, ಡ್ರೋನು!”

ಒಂದು ನಂಬರಿಗೆ ಒಂದೇ ಹೆಸರು, ಮೂವರ ಕೋರ್ಸೂ ತನ್ನ ಹೆಸರಿಗೇ ಬಿದ್ದಿವೆ ಎಂಬುದು ಅವಳಿಗೆ ಆಗ ಹೊಳೆಯಿತು. ನಿಜ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗದಗ ಕಣ್ಣ ಮುಂದೆ ಬಂತು.

“ಹೌದ್ರೀ ಸರ್. ಕಲಿಯೂದಂದ್ರ ನನಗ ಜೀವ,” ಎಂದುಬಿಟ್ಟಳು. ಉಳಿದ ಮೂವರ ಮುಖ ನೋಡುವ ಗೋಜಿಗೇ ಹೋಗಲಿಲ್ಲ.

“ಅದಕ್ಕ ನಿಮ್ಮನ್ನ ಅಲ್ಲಿಂದ ಕದಲಸಾಂಗಿಲ್ಲ. ಆ ದಂಡಪಿಂಡಗೋಳಿಗೆ ಕಲಿಸವ್ರು ಒಬ್ರು ಬೇಕಲ್ಲ?”

“ಮತ್ತ ಗದಗಿನ ಪೋಸ್ಟ್, ಸರ್?”

“ಅಂದಾನಪ್ಪನ್ನ ಕಳಸ್ರಿ. ಹಿರಿಯಾಂವಾಗಿ ಒಂದು ಕೋರ್ಸೂ ತಗೊಂಡಿಲ್ಲ. ಇಂಥವರು ನನ್ನ ಕಣ್ಣೆದುರಿಗೇ ಇರಬೇಕು.”

ಫೋನು ಕಟ್ಟಾಯಿತು. ಶಿರಹಟ್ಟಿಯಲ್ಲೇ ಹುಟ್ಟಿ, ಮನೆಯಿಂದ ಕಚೇರಿಗೆ ಚಪ್ಪಲಿ ಸವೆಯದಂತೆ ಬರುತ್ತಿದ್ದ ಅಂದಾನಪ್ಪನ ಮುಖ ಬಾಡಿಹೋಗಿತ್ತು.

“ಯವ್ವಾ,” ಎಂದ ಮೆಲ್ಲಗೆ, “ಗದಗಿನ ಯಾವ ಬಸ್ಸಿನ್ಯಾಗ ಕುಂಡ್ರಾಕ ಜಾಗಾ ಸಿಗತೈತಿ?”

“ನನಗೇನ್ ಗೊತ್ತ್ರೀ?” ಎಂದು ಕಾಂಚನಾ ಕಿರುಚಿದಳು. “ಮೂರು ವರ್ಷದಾಗ ನಾ ಒಂದಿನಾನೂ ಕುಂತಿಲ್ಲ!”