ನಾಲ್ಕು ರಾಣಿಯರಿಗೆ ನಾಲ್ಕು ಒಡಪು

ಬೀದರ ಕೋಟೆಯಲ್ಲಿ ಗೈಡ್ ಕೆಲಸ ಮಾಡಿ ನನ್ನ ಮೊಳಕಾಲು ಸವೆದವು, ಜನರ ಪ್ರಶ್ನೆ ಮಾತ್ರ ಸವೆಯಲಿಲ್ಲ. ಗೋಡೆ ಯಾವ ಕಲ್ಲಿನದು, ಇಷ್ಟು ಎತ್ತರಕ್ಕೆ ನೀರು ಹೇಗೆ ಏರಿಸಿದರು ಎಂದು ಕೇಳುವವರು ವರ್ಷಕ್ಕೆ ಇಬ್ಬರೋ ಮೂವರೋ. ಉಳಿದವರದೆಲ್ಲ ಒಂದೇ ಪ್ರಶ್ನೆ, ರಾಜನಿಗೆ ರಾಣಿಯರು ಎಷ್ಟು. ಮುಂಜಾನೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಈ ಒಂದು ಪ್ರಶ್ನೆ ಇವತ್ತು ಬೇಡ ದೇವರೇ ಎಂದು ಕೈ ಮುಗಿದೇ ಮನೆ ಬಿಡುತ್ತೇನೆ. ದೇವರಿಗೆ ನೂರು ಕೆಲಸ. ಈ ವರ್ಷವಂತೂ ಆ ಪ್ರಶ್ನೆಯಿಂದ ಭಾಲ್ಕಿಯ ಹುಡುಗಿಯೊಬ್ಬಳ ಮದುವೆಯೇ ಮುರಿಯುವ ಹಂತಕ್ಕೆ ಬಂತು. ಮುರಿದವನು ನಾನು ಎಂದು ಹೆಸರೂ ಬಂತು. ಅದನ್ನೇ ಹೇಳಬೇಕು, ಆದರೆ ಅದಕ್ಕೂ ಮೊದಲಿನ ಎರಡು ಪ್ರಸಂಗ ಹೇಳದಿದ್ದರೆ ಅದು ತಿಳಿಯುವುದಿಲ್ಲ.

೧. ಒಬ್ಬಾಕೆಯ ರಾಜ

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಗುರುಗಳ ಪಾದ ಮುಟ್ಟಿದ್ದೆ. ಅವರು ಹೇಳಿದ್ದು ಒಂದೇ ಮಾತು. "ಗೊತ್ತಿದ್ದದ್ದು ಹೇಳು, ಗೊತ್ತಿಲ್ದಿದ್ರ ಗೊತ್ತಿಲ್ಲ ಅನ್ನು." ಮೂವತ್ತೈದು ವರ್ಷ ಅದನ್ನೇ ಹಿಡಿದುಕೊಂಡು ಬಂದಿದ್ದೇನೆ. ಬೇರೆ ಗೈಡುಗಳು ರಾಣಿಯ ಕಣ್ಣೀರಿನಿಂದ ಬಾವಿ ತುಂಬಿತು ಎಂದು ಹೇಳಿ ಚಪ್ಪಾಳೆ ಹೊಡೆಸಿಕೊಳ್ಳುತ್ತಾರೆ. ನಾನು ಗೊತ್ತಿಲ್ರಿ ಅನ್ನುತ್ತೇನೆ. ಜನ ನನ್ನ ಮುಖ ನೋಡಿ ನೀರಿನ ಬಾಟಲಿ ತೆಗೆಯುತ್ತಾರೆ.

ಒಮ್ಮೆ ಮದುವೆ ನಿಶ್ಚಯವಾದ ಜೋಡಿಯ ಸಂಗಡ ಹುಡುಗಿಯ ತಾಯಿ ಬಂದರು. ಫೋಟೋ ತೆಗೆಸುವುದಿತ್ತು. ಕೋಟೆ ನೋಡಿ, ರಾಜರ ಸಮಾಧಿಗಳಿರುವ ಅಷ್ಟೂರಿನ ಗುಮ್ಮಟ ನೋಡಿ, ಕೊನೆಗೆ ನನ್ನನ್ನು ಬದಿಗೆ ಕರೆದು ಅಂದರು: "ಕಾಕಾ, ಮಂಗಳಕಾರ್ಯ ಅದ. ಒಬ್ಬಾಕಿನ್ನೇ ಮಾಡ್ಕೊಂಡ ರಾಜನ ಗುಮ್ಮಟ ತೋರ್ಸ್ರಿ, ಅಲ್ಲೇ ನಿಲ್ಲಿಸಿ ತೆಗಸ್ತೇವಿ." ಅಂಥವನು ಯಾರೋ ನನಗೆ ಗೊತ್ತಿಲ್ಲ ಅಂದೆ. ಇಷ್ಟು ಗುಮ್ಮಟಗಳಲ್ಲಿ ಒಬ್ಬನೂ ಇಲ್ಲವೇ ಎಂದು ಅವರಿಗೆ ನಿಜವಾಗಿಯೂ ಬೇಸರವಾಯಿತು. ತಡಿ ಎಂದು ವಿಚಾರ ಮಾಡಿ, ಹಜಾಮನ ಗುಮ್ಮಟ ಎಂದು ಜನ ಕರೆಯುವುದೊಂದು ಇದೆ, ಅವ ರಾಜ ಅಲ್ಲ ಅಂದೆ. ತಾಯಿ ಸೆರಗು ಸಿಕ್ಕಿಸಿಕೊಂಡು, ನಡೀರಿ ಅಂದರು.

ಫೋಟೋ ಚೆನ್ನಾಗಿ ಬಂದವಂತೆ. ಹಜಾಮನಿಗೆ ಒಬ್ಬಳೇ ಹೆಂಡತಿ ಎಂದು ಹೇಗೆ ಗೊತ್ತು ಎಂದು ಹೋಗುವಾಗ ಕೇಳಿದೆ. "ಎಲ್ಲಾ ರಾಜರ ಮನಿ ಕಥಿ ಕೇಳ್ಕೋತ ಅವರ ತಲಿ ಬೋಳಿಸಿದವ್ರಿ ಅವ," ಅಂದರು. "ಎರಡನೇದು ಮಾಡ್ಕೊಳ್ಳೋ ಧೈರ್ಯ ಎಲ್ಲಿಂದ ಬರ್ಬೇಕು?"

೨. ಕಳೆದುಹೋದ ಯಜಮಾನರು

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಸುಮ್ಮನೆ ಹೇಳುವುದಿಲ್ಲ. ಎರಡು ಸಾಲು ಪ್ರಾಸ ಕಟ್ಟಿ, ಕೊನೆಗೆ ಆ ಹೆಸರು ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಅನ್ನುತ್ತೇವೆ. ಮದುವೆಯಲ್ಲಿ ಹೊಸ್ತಿಲು ದಾಟುವಾಗ ಮದುಮಗಳ ಕೈಲಿ ಹೇಳಿಸುತ್ತಾರೆ, ಹೇಳುವವರೆಗೂ ಬಾಗಿಲು ಬಿಡುವುದಿಲ್ಲ.

ಕಮಲನಗರದ ಕಡೆಯಿಂದ ಒಂದು ಬಸ್ಸು ತುಂಬ ಜನ ಬಂದಿದ್ದರು. ಮಧ್ಯಾಹ್ನ ಒಬ್ಬ ತಾಯಿ ಓಡಿಬಂದು ಯಜಮಾನರು ಕಾಣುತ್ತಿಲ್ಲ, ಬಸ್ಸು ಹೊರಡುತ್ತಿದೆ ಎಂದು ಅಳಲು ಶುರು ಮಾಡಿದರು. ಹೆಸರು ಹೇಳಿ, ಕೂಗಿ ಕರೆಯುತ್ತೇನೆ ಅಂದೆ. ಸೆರಗು ಬಾಯಿಗೆ ಹೋಯಿತು. "ಹೆಸರು ಹ್ಯಾಂಗ ಹೇಳ್ಲಿರಿ ಅಣ್ಣಾರ?"

ಮಗನ ಹೆಸರು ಕೇಳಿಕೊಂಡು, ಇಂಥವನ ಅಪ್ಪಾ ಎಂದು ಬುರುಜಿನ ಮೇಲೆ ನಿಂತು ಕೂಗಿದೆ. ಅದೇ ಹೆಸರಿನ ಮಕ್ಕಳಿದ್ದ ನಾಲ್ವರು ಅಪ್ಪಂದಿರು ಬಂದು ಸಾಲಾಗಿ ನಿಂತರು. ನಾಲ್ವರನ್ನೂ ನೋಡಿ ತಾಯಿ ಇವರಲ್ಲ ಎಂದು ಗೋಣು ಅಲ್ಲಾಡಿಸಿದರು. ಕೊನೆಗೆ ಬೇರೆ ದಾರಿ ಇಲ್ಲದೆ ಕಣ್ಣೊರೆಸಿಕೊಂಡು, ಕೋಟೆಯ ಕಡೆ ಮುಖ ಮಾಡಿ, ಒಡಪು ಎತ್ತಿದರು. ಗಡಿಬಿಡಿಯಲ್ಲೂ ಎರಡು ಸಾಲಿನದಲ್ಲ, ಎಂಟು ಸಾಲಿನದು. ಸುತ್ತಲೂ ಜನ ಸೇರಿದರು. ಏಳನೆಯ ಸಾಲಿಗೆ ಹಿಂದಿನಿಂದ ಒಬ್ಬ ಹಿರಿಯರು ಬಂದು ನಿಂತು, ನಡಿ ಬಸ್ಸು ಹೊಂಟದ ಅಂದರು.

ಗಂಡ ಸಿಕ್ಕ ಖುಷಿ ಆ ತಾಯಿಗೆ ಆಗಲೇ ಇಲ್ಲ. "ಇನ್ನೊಂದು ಸಾಲಿಗೆ ತಡಿಬಾರ್ದೇನು," ಎಂದು ಬಸ್ಸಿನ ತನಕ ಬೈಯುತ್ತಲೇ ಹೋದರು. ಆ ಯಜಮಾನರ ಹೆಸರು ಏನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

೩. ಯೋಚಿಸಿದ್ದೇ ತಪ್ಪು

ಇನ್ನು ಭಾಲ್ಕಿಯ ಹುಡುಗಿ. ಅವರಪ್ಪ ಬೇಳೆ ವ್ಯಾಪಾರಿ, ಹುಡುಗನದು ಬೀದರದಲ್ಲೇ ಮೊಬೈಲ್ ಅಂಗಡಿ. ಮದುವೆಗೆ ಮೂರು ವಾರ ಇತ್ತು. ರಾಜ-ರಾಣಿ ವೇಷದಲ್ಲಿ ಫೋಟೋ ತೆಗೆಸಲು ಬಂದಿದ್ದರು. ಬಾಡಿಗೆ ಶೇರ್ವಾನಿ, ಬಾಡಿಗೆ ಕತ್ತಿ, ಹುಡುಗಿಯ ತಲೆಗೆ ಬಾಡಿಗೆಯದೇ ತಗಡಿನ ಕಿರೀಟ. ಬಿಸಿಲಿಗೆ ಕಿರೀಟ ಕಾದು, ಪಾಪ, ಅವಳು ಎರಡು ಸಲ ತಲೆಗೆ ನೀರು ಹಾಕಿಕೊಂಡಳು.

ಕೋಟೆಯೊಳಗಿನ ಅರಮನೆ ರಂಗೀನ್ ಮಹಲ್ ತೋರಿಸಿ ಹೊರಗೆ ಬಂದಾಗ ಅವಳೇ ಕೇಳಿದಳು: ಕಾಕಾ, ಇಲ್ಲಿದ್ದ ರಾಜನಿಗೆ ರಾಣಿಯರು ಎಷ್ಟು? ಗೊತ್ತಿಲ್ಲವ್ವ ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು. ಆ ಕಾಲದಾಗ ಒಬ್ಬಾಕಿಗೇ ನಿಂತವರು ಕಡಿಮಿ ಎಂದು ಸೇರಿಸಿದೆ.

ಹುಡುಗ ಕತ್ತಿ ಹೆಗಲಿಗಿಟ್ಟುಕೊಂಡು ನಕ್ಕ. ನಾನು ರಾಜ ಆಗಿದ್ದರೆ ನಾಲ್ವರನ್ನು ಮಾಡಿಕೊಳ್ಳುತ್ತಿದ್ದೆ ಅಂದ. ಒಬ್ಬಾಕೆ ಅಡುಗೆಗೆ, ಒಬ್ಬಾಕೆ ಅವ್ವನ ಹತ್ತಿರ ಇರಲು, ಒಬ್ಬಾಕೆ ಅಂಗಡಿಗೆ, ಒಬ್ಬಾಕೆ ಫೋಟೋಕ್ಕೆ. ಫೋಟೋ ತೆಗೆಯುವವನೂ ನಕ್ಕ. ಹುಡುಗಿಯೂ ನಗುತ್ತಲೇ ಕೇಳಿದಳು, "ಅದ್ರಾಗ ನಾ ಯಾರು?"

ನೀನೇ ನಾಲ್ಕೂ ಎಂದು ಅನ್ನಬಹುದಿತ್ತು. ಏನೂ ಅನ್ನದೆ ಓಡಿಹೋಗಬಹುದಿತ್ತು. ಅವನು ಯೋಚಿಸಿದ. ಗಲ್ಲದ ಮೇಲೆ ಬೆರಳಿಟ್ಟು, ಕಣ್ಣು ಮೇಲೆ ಮಾಡಿ, ಖರೇನೇ ಯೋಚಿಸಿದ. ಹುಡುಗಿ ಕಿರೀಟ ತೆಗೆದು ನನ್ನ ಕೈಗೆ ಕೊಟ್ಟು ದರವಾಜೆಯ ಕಡೆ ನಡೆದಳು. ಅವಳು ಹೋದ ಮೇಲೆ ಅವನಿಗೆ ಉತ್ತರ ಹೊಳೆಯಿತು. "ಫೋಟೋದಾಕಿ ಅಂತಿದ್ದೆ ಕಾಕಾ," ಅಂದ. "ಅದು ಒಳ್ಳೇದಲ್ಲೇನ್ರಿ?"

೪. ಚಹಾದಂಗಡಿಯ ನ್ಯಾಯ

ಕೋಟೆಯ ಹೊರಗೆ ಚಾಚಾರ ಚಹಾದಂಗಡಿ. ನನ್ನ ಪೂಜೆ ಮುಗಿಯುವ ಹೊತ್ತಿಗೆ ಅವರ ನಮಾಜು ಮುಗಿದಿರುತ್ತದೆ, ಇಬ್ಬರೂ ಅಲ್ಲಿ ಕೂತು ಮೊದಲ ಚಹಾ ಕುಡಿದು ನಿಟ್ಟುಸಿರು ಬಿಡುವುದು ವಾಡಿಕೆ. ಆ ವಾರ ಮೊಬೈಲಿನಲ್ಲಿ ಯಾವುದೋ ದೂರದೇಶದ ರಾಜಕುಮಾರ ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳ ಹಿಂದೆ ಹೋದ ಸುದ್ದಿ ಓಡಾಡುತ್ತಿತ್ತು. ಆ ದೇಶ ಎಲ್ಲಿದೆ ಎಂದು ಒಬ್ಬರಿಗೂ ತಿಳಿಯದು, ತೀರ್ಪು ಮಾತ್ರ ಎಲ್ಲರಲ್ಲೂ ತಯಾರಿತ್ತು. ದೊಡ್ಡವರ ಮದುವೆಯೇ ಹಾಗೆ ಎಂದು ಒಬ್ಬ, ಪ್ರೀತಿ ಮೊದಲಿನದೇ ಖರೆ ಎಂದು ಇನ್ನೊಬ್ಬ. ಒಬ್ಬ ದಪ್ಪ ಮೀಸೆಯವನಂತೂ, ಹೆಂಡತಿಗೆ ಮೋಸ ಮಾಡಿದವನನ್ನು ಈ ಬುರುಜಿನಿಂದ ಕೆಳಗೆ ಒಗೆಯಬೇಕು ಎಂದು ಬೆಂಚು ಕುಟ್ಟಿದ. ಅಷ್ಟರಲ್ಲಿ ಅವನ ಮೊಬೈಲು ರಿಂಗಾಯಿತು. ಹೆಸರು ನೋಡಿ ಕಂದಕದ ತನಕ ನಡೆದುಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ಬಹಳ ಮೆತ್ತಗೆ ಮಾತಾಡಿದ. ತಿರುಗಿ ಬಂದವನೇ, ರಾಜಕುಮಾರನಿಗೂ ಏನೇನು ಕಷ್ಟ ಇದ್ದವೋ ಯಾರಿಗೆ ಗೊತ್ತು ಅಂದ.

ಆಗಲೇ ಭಾಲ್ಕಿಯ ಬೇಳೆ ವ್ಯಾಪಾರಿ ನನ್ನನ್ನು ಹುಡುಕುತ್ತ ಬಂದರು. ಹುಡುಗಿ ಔರಾದದಲ್ಲಿರುವ ತಾಯಿಯ ತವರಿಗೆ ಹೋಗಿ ಅಜ್ಜಿಯ ಹಿಂದೆ ಕೂತಿದ್ದಾಳೆ, ಮದುವೆ ಬೇಡ ಅನ್ನುತ್ತಿದ್ದಾಳೆ, ಆ ಮನೆಯಲ್ಲಿ ಅಜ್ಜಿ ಹೇಳಿದ್ದೇ ಕೊನೆ. ಹುಡುಗ ಒಳ್ಳೆಯವನು, ಬಾಯಿ ಅಷ್ಟೇ ಸಡಿಲು. ಆ ಕಾಲದ ರಾಜರ ಮಾತು ತೆಗೆದು ಕಿಡಿ ಹಚ್ಚಿದವರು ನೀವೇ. ಇಷ್ಟು ಹೇಳಿ ನನ್ನ ಕೈ ಹಿಡಿದುಕೊಂಡರು. "ನೀವ್ ಬಂದು ಆ ರಾಜಗ ಒಬ್ಬಾಕೇ ರಾಣಿ ಇದ್ಳು ಅಂತ ಅಂದ್ಬಿಡ್ರಿ. ನಿಮ್ಮ ಮಾತಂದ್ರ ಆಕಿ ನಂಬ್ತಾಳ, ನೀವು ಸುಳ್ಳು ಹೇಳೋರಲ್ಲಂತ."

ಸುಳ್ಳು ಹೇಳುವವನಲ್ಲ ಎಂಬ ಕಾರಣಕ್ಕೆ ಸುಳ್ಳು ಹೇಳಲು ನನ್ನನ್ನು ಆರಿಸಿದ್ದರು. ಏನು ಮಾಡಲಿ ಎಂದು ಚಾಚಾರನ್ನು ನೋಡಿದೆ. ಅವರು ಕೆಟಲಿ ಇಳಿಸಿ, "ನೀವ್ ನಿಮ್ಮ ದೇವರಿಗಿ ಕೇಳ್ರಿ, ನಾ ನಮ್ಮ ಅಲ್ಲಾಗ ಕೇಳ್ತೇನಿ," ಅಂದರು. "ಯಾರ್ ಮೊದಲು ಹೇಳ್ತಾರ ಅವರ ಮಾತು ಕೇಳಿದ್ರಾಯ್ತು."

೫. ಔರಾದದ ಅಜ್ಜಿ

ಬಸ್ಸಿನಲ್ಲಿ ಔರಾದದ ತನಕ ತಗಡಿನ ಕಿರೀಟ ತೊಡೆಯ ಮೇಲಿಟ್ಟುಕೊಂಡು ಕೂತೆ. ದೇವರೇ, ಒಂದು ಸುಳ್ಳಿಗೆ ಒಂದು ಮದುವೆ ಉಳಿದರೆ ಲೆಕ್ಕ ಹೇಗೆ ಮಾಡುತ್ತೀ ಎಂದು ಕೇಳುತ್ತಲೇ ಇದ್ದೆ. ಉತ್ತರ ಬರಲಿಲ್ಲ, ಔರಾದ ಬಂತು.

ಅಂಗಳದಲ್ಲಿ ಅಜ್ಜಿ ಹೆಸರುಕಾಳು ಕೇರುತ್ತಿದ್ದರು. ಪಕ್ಕದಲ್ಲಿ ಅಜ್ಜ ಕಂಬಳಿಯ ಮೇಲೆ ಕೂತಿದ್ದರು. ಹುಡುಗಿ ಬಾಗಿಲಲ್ಲಿ. ನಾನು ನೀರು ಕುಡಿಯುವ ಮೊದಲೇ ಅಜ್ಜಿ ಕೇಳಿದರು: ಆ ರಾಜನಿಗೆ ಎಷ್ಟು ಮಂದಿ?

ಬಾಯಿಗೆ ಒಬ್ಬಳೇ ಎಂಬ ಮಾತು ತಂದುಕೊಂಡೆ. ಹೊರಗೆ ಬಂದದ್ದು ಗೊತ್ತಿಲ್ಲವ್ವ ಎಂದು.

ಮದುವೆ ಮುಗಿಯಿತು ಅಂದುಕೊಂಡೆ. ಅಜ್ಜಿ ಮೊರ ಕೆಳಗಿಟ್ಟರು. ನಾಲ್ಕು ದಿನದಿಂದ ಬಂದವರೆಲ್ಲ ರಾಜನಿಗೆ ಒಬ್ಬಳೇ ರಾಣಿ ಎಂದು ಆಣೆ ಮಾಡಿ ಹೋದರು, ಗೊತ್ತಿಲ್ಲ ಅಂದವ ಇವನೊಬ್ಬನೇ ಎಂದು ಮೊಮ್ಮಗಳಿಗೆ ಹೇಳಿದರು. ಆಮೇಲೆ ತಮ್ಮದೇ ಕಥೆ ತೆಗೆದರು. ಮದುವೆಯಾದ ಹೊಸದರಲ್ಲಿ ಅಜ್ಜ ಸಂತೆಯ ದಿನ ಕುರಿ ಮಾರಲು ಕಮಲನಗರಕ್ಕೆ ಹೋಗುತ್ತಿದ್ದರು. ಕುರಿ ಮಾರಿದ ಮೇಲೆ ಒಂದು ಮನೆಗೆ ಹೋಗುತ್ತಾರೆ, ಅಲ್ಲೊಬ್ಬ ಮರಾಠಿ ಹೆಂಗಸು ಇದ್ದಾಳೆ ಎಂದು ಊರವರು ಕಿವಿ ಊದಿದರು. ಅಜ್ಜಿ ಕೈಯಲ್ಲಿ ಕುಡಗೋಲು ಹಿಡಿದು ಹಿಂದೆ ಹೋದರು. ಮನೆ ಖರೇ ಇತ್ತು, ಹೆಂಗಸೂ ಖರೇ ಇದ್ದಳು. ಬಾಣಲೆಯ ಮುಂದೆ ಕೂತು ಭಜಿ ಕರಿಯುತ್ತಿದ್ದಳು. ಅಜ್ಜ ಎರಡೂ ಕೈಯಲ್ಲಿ ತಿನ್ನುತ್ತಿದ್ದರು.

"ಇವ್ರಿಗಿ ಅವತ್ತೇ ಮಾಫ್ ಮಾಡೀನಿ," ಅಂದರು ಅಜ್ಜಿ. "ಭಜಿಯಾಕಿಗಿ ಇನ್ನೂ ಮಾಡಿಲ್ಲ."

ಅಜ್ಜ ಕಂಬಳಿಯ ಮೇಲಿಂದ, ಅದ್ರಾಗ ಓಂಕಾಳು ಹಾಕ್ತಿದ್ಳು ಎಂದು ಮೆಲ್ಲಗೆ ಅಂದರು. ಐವತ್ತು ವರ್ಷದ ಮೇಲೂ ಬಾಯಲ್ಲಿ ನೀರಿತ್ತು. ಹುಡುಗಿ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು.

ಆಗ ಅಜ್ಜಿ ತೀರ್ಪು ಕೊಟ್ಟರು. ಹುಡುಗನಿಗೆ ನಾಲ್ಕು ರಾಣಿಯರು ಬೇಕಲ್ಲ, ಆಗಲಿ. ಹೊಸ್ತಿಲಲ್ಲಿ ಒಡಪು ಹೇಳುವುದು ಈ ಸಲ ಹುಡುಗಿ ಅಲ್ಲ, ಅವನು. ರಾಣಿಗೊಂದರಂತೆ ನಾಲ್ಕು. ನಾಲ್ಕರಲ್ಲೂ ಹೆಸರು ಇವಳದೇ. ಒಂದು ಕಡಿಮೆಯಾದರೂ ಹುಡುಗಿ ಒಳಗೆ, ಅವನು ಹೊರಗೆ.

೬. ಹೊಸ್ತಿಲು

ಹುಡುಗ ಮರುದಿನವೇ ಕೋಟೆಗೆ ಓಡಿಬಂದ. ಕಾಕಾ, ಮೊಬೈಲಿನಲ್ಲಿ ಹುಡುಕಿದೆ, ಅದರಲ್ಲಿ ಗಂಡಂದಿರ ಹೆಸರಿನವೇ ಇವೆ ಎಂದು ಅಳುವ ಹಾಗಾಗಿದ್ದ. ನಾನೊಂದು ಕಟ್ಟಿಕೊಟ್ಟೆ, ಚಾಚಾ ಒಂದು, ಹುಡುಗನ ಅವ್ವ ಒಂದು. ನಾಲ್ಕನೆಯದು ನೀನೇ ಕಟ್ಟು, ದೇವರಿದ್ದಾನೆ ಅಂದೆ.

ಮದುವೆ ಭಾಲ್ಕಿಯಲ್ಲಿ, ಹುಡುಗಿಯ ಮನೆಯಲ್ಲಿ. ನಮ್ಮ ಮನೆಯಾಕೆಯನ್ನೂ ಕರೆದುಕೊಂಡು ಹೋಗಿದ್ದೆ. ಅವತ್ತು ಹುಡುಗಿ ಕೊಟ್ಟ ಕಿರೀಟ ಇನ್ನೂ ನನ್ನ ಚೀಲದಲ್ಲೇ ಇತ್ತು. ಅಜ್ಜಿ ಹೊಸ್ತಿಲ ಮೇಲೆ ಅಡ್ಡ ಕೂತರು, ಮೊಮ್ಮಗಳು ಅವರ ಹಿಂದೆ. ಹುಡುಗ ಬೆವರು ಒರೆಸಿಕೊಂಡು ನನ್ನದನ್ನು ಮೊದಲು ಹೇಳಿದ:

"ಮುಂಜಾನಿ ಹಚ್ಚಿದ ವಿಭೂತಿ ಸಂಜಿತನ ಮಾಸಬಾರ್ದು, ನನ್ನಾಕಿ ಹೆಸರು ನನ್ನ ನಾಲಿಗಿ ಮರೀಬಾರ್ದು." ಹೇಳಿ ಅವಳ ಹೆಸರು ಹೇಳಿದ. ಅಜ್ಜಿ ಒಂದು ಬೆರಳು ಮಡಿಸಿದರು.

ಆಮೇಲೆ ಚಾಚಾರ ಶುಂಠಿ ಚಹಾದ್ದು. "ಅದ್ರಕ್ ಚಹಾ ಆರೂಕಿಂತ ಮೊದಲು ಕುಡೀಬೇಕು, ನನ್ನಾಕಿ ಸಿಟ್ಟು ಆರೂತನ ಸುಮ್ನ ಕೂಡಬೇಕು." ಹೆಂಗಸರೆಲ್ಲ ಹೌದೌದು ಅಂದರು. ಎರಡು ಬೆರಳು. ಮೂರನೆಯದು ಹುಡುಗನ ಅವ್ವನದು, ಅದರಲ್ಲಿ ಹುಡುಗಿಗಿಂತ ಜೋಳದ ರೊಟ್ಟಿ, ಪುಂಡಿಪಲ್ಯೆ ಹೆಚ್ಚಿದ್ದವು. ಅಜ್ಜಿ ತುಸು ಯೋಚಿಸಿ ಅದನ್ನೂ ಮಡಿಸಿದರು.

ನಾಲ್ಕನೆಯದಕ್ಕೆ ಹುಡುಗ ನಿಂತ. ಬಾಜಾದವರೂ ನಿಲ್ಲಿಸಿದರು. ಬೇಳೆ ವ್ಯಾಪಾರಿ ನನ್ನ ತೋಳು ಹಿಡಿದರು. ನಾನು ಒಳಗೊಳಗೇ ದೇವರನ್ನು ನೆನೆದೆ. ಹುಡುಗ ಈ ಸಲ ಗಲ್ಲಕ್ಕೆ ಬೆರಳಿಡಲಿಲ್ಲ, ಮೇಲೆ ನೋಡಲಿಲ್ಲ. ಅಜ್ಜಿಯ ಹೆಗಲ ಮೇಲಿಂದ ಹುಡುಗಿಯನ್ನೇ ನೋಡಿ ಅಂದ:

"ಮೂರು ರಾಣ್ಯಾರ ಹೆಸರು ಹೇಳಿ ಗಂಟಲ ಒಣಗ್ಯದ, ಜರಾ ನೀರು ಕೊಡು ನನ್ನಾಕಿ, ನನ್ನ ರಾಜ್ಯ ಮುಣುಗ್ಯದ."

ಗಡಿಬಿಡಿಯಲ್ಲಿ ಹೆಸರು ಹೇಳುವುದನ್ನೇ ಮರೆತಿದ್ದ. ಅಜ್ಜಿಯ ನಾಲ್ಕನೆಯ ಬೆರಳು ಹಾಗೇ ನಿಂತಿತ್ತು. ಆದರೆ ಹುಡುಗಿ ಆಗಲೇ ಒಳಗೆ ಓಡಿ ತಂಬಿಗೆ ತಂದುಬಿಟ್ಟಿದ್ದಳು. ಹೆಸರು ನಾನೇ ಹೇಳಿಕೊಳ್ಳುತ್ತೇನೆ ಬಿಡು ಅಜ್ಜಿ, ಎಂದು ತನ್ನ ಹೆಸರು ತಾನೇ ಹೇಳಿ ಅಜ್ಜಿಯ ಬೆರಳು ತಾನೇ ಮಡಿಸಿದಳು. ಅಜ್ಜಿ ಹೊಸ್ತಿಲು ಬಿಟ್ಟು ಎದ್ದರು. ನಾನು ಚೀಲದಿಂದ ಕಿರೀಟ ತೆಗೆದು ಹುಡುಗಿಗೆ ಕೊಟ್ಟೆ.

ಅಜ್ಜಿ ನನ್ನನ್ನು ಕರೆದು, ಇನ್ನು ಮೇಲೆ ಕೋಟೆಯಲ್ಲಿ ಯಾರಾದರೂ ಕೇಳಿದರೆ ಗೊತ್ತಿಲ್ಲ ಅನ್ನಬೇಡ ಅಂದರು. "ರಾಜಗ ಎಷ್ಟು ಒಡಪು ಬರ್ತಿದ್ವೋ ಅಷ್ಟೇ ರಾಣ್ಯಾರು ಅನ್ನು."

ಮೂವತ್ತೈದು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ ಎಂದು ನನ್ನ ಮೊಳಕಾಲಿನ ನೋವೂ ಇಳಿದಂತಾಯಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ ನಮ್ಮ ಮನೆಯಾಕೆ ಎಲ್ಲರ ಮುಂದೆ ಕೇಳಿದಳು: "ಏನ್ರಿ, ನಿಮಗ ನನ್ನ ಹೆಸರಿಂದು ಒಂದಾದ್ರೂ ಒಡಪು ಬರ್ತದೇನು?"

ಹಂದರವೆಲ್ಲ ನನ್ನ ಕಡೆ ತಿರುಗಿತು. ಬೇರೆಯವರಿಗೆ ಕಟ್ಟಿಕೊಟ್ಟವನ ಬಾಯಿಗೆ ಒಂದು ಸಾಲೂ ಬರಲಿಲ್ಲ. ಅಷ್ಟು ವರ್ಷದ ಅಭ್ಯಾಸ, ಗೊತ್ತಿಲ್ರಿ ಎಂಬುದೊಂದೇ ಬಂತು.

"ಹಂಗಾದ್ರ ಈ ರಾಜಗ ರಾಣಿನೇ ಇಲ್ಲ," ಅಂದಳು ಅವಳು ಸೆರಗು ಸರಿಮಾಡಿಕೊಂಡು. "ನಾಳಿಂದ ರೊಟ್ಟಿ ತಾವೇ ಬಡ್ಕೊಳ್ರಿ."