ನಾಲಿಗೆ ಪಾಸಾದ ದಿನ

ನನ್ನ ಮೊಮ್ಮಗನ ನಾಲಿಗೆ ಪಾಸಾಯಿತು! ಮೊಮ್ಮಗನಲ್ಲ, ಅವನ ನಾಲಿಗೆ. ಮೊಮ್ಮಗ ಬಿ.ಎಸ್ಸಿ.ಯಲ್ಲಿ ಎರಡು ಸಲ ನಪಾಸಾಗಿದ್ದ. ಅದನ್ನು ಯಾರ ಮುಂದೂ ಆಡಬೇಡವೆಂದು ಮಗ ನನ್ನಿಂದ ಆಣೆ ಮಾಡಿಸಿಕೊಂಡಿದ್ದ. ಈ ಸುದ್ದಿಗೆ ಆಣೆ ಇರಲಿಲ್ಲವಲ್ಲ, ಹಾಲಿನವನಿಗೆ, ಮೇಲಿನ ಮನೆಯ ಮರಾಠಿ ಹೆಂಗಸಿಗೆ, ಕರೆಂಟಿನ ಮೀಟರ್ ನೋಡಲು ಬಂದವನಿಗೆ ಕೂಡ ಹೇಳಿದೆ. ಇದು ಕೆಲವು ವರ್ಷಗಳ ಹಿಂದಿನ ಮಾತು, ಆ ನಾಲಿಗೆಗೆ ಕೆಲಸ ಕೊಟ್ಟ ಯಂತ್ರದ ಸಿಗರೇಟಿಗೆ ಸರ್ಕಾರ ಇನ್ನೂ ಬೀಗ ಹಾಕಿರಲಿಲ್ಲ. ಆಮೇಲೆ ಹಾಕಿತು, ಅದೇ ನಾಲಿಗೆ ಈಗ ಚಹಾಪುಡಿಯ ರುಚಿ ನೋಡುತ್ತಿದೆ. ಆದರೂ ಆ ದಿನದ್ದು ಹೇಳಲು ಕೂತರೆ ಈಗ ತಾನೇ ಆಟೋದಿಂದ ಇಳಿದು ಬಂದ ಹಾಗಾಗುತ್ತದೆ ನನಗೆ.

ಈ ವಿನಾಯಕನ ನಾಲಿಗೆಯನ್ನು ನಾನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ಸಾರಿನಲ್ಲಿ ಮೆಂತ್ಯ ಒಂದು ಚೂರು ಹೆಚ್ಚು ಕೆಂಪಾಗಿದೆ ಅನ್ನುವನು. ಗೋದಿ ಬೇರೆ ಗಿರಣಿಯಲ್ಲಿ ಬೀಸಿಸಿದರೆ ಚಪಾತಿಯ ಮೊದಲ ತುತ್ತಿಗೇ ತಲೆ ಎತ್ತುವನು. "ಹೋಟೆಲಿನ ಇನ್ಸ್‌ಪೆಕ್ಟರ್ ಹುಟ್ಟ್ಯಾನ ನಮ್ಮ ಮನ್ಯಾಗ" ಎಂದು ಸೊಸೆ ಸುನಂದಾ ತಟ್ಟೆ ಕುಕ್ಕುವಳು. ನಾನೂ ಅವಳ ಪಕ್ಷ. ಅಡಿಗೆ ಮಾಡುವ ಎರಡು ಜೀವಗಳಿಗೆ ಒಬ್ಬನ ನಾಲಿಗೆ ಶತ್ರು. ಅತ್ತೆ ಸೊಸೆ ಜಗಳವಾಡದ ಮನೆ ನಮ್ಮದು ಅಂತ ಜನ ಹೊಗಳುತ್ತಿದ್ದರು, ಕಾರಣ ಇಷ್ಟೇ.

ಹೀಗಿರುವಾಗ ನಮ್ಮೂರ ಸದರ್ ಪೇಟೆಯಲ್ಲಿ ಯಾರೋ ಹೊಗೆಸೊಪ್ಪಿನ ರಸ ತೆಗೆಯುತ್ತಾರೆ, ರುಚಿ ನೋಡುವವರು ಬೇಕಂತೆ ಎಂದು ಹುಡುಗ ಸುದ್ದಿ ತಂದ. ಒಳ್ಳೆಯ ಎಲೆಗಳನ್ನು ಸಿಹಿಯಾದ, ಮಂದವಾದ ದ್ರವದಲ್ಲಿ ನೆನೆಹಾಕಿ, ಗಾಜಿನ ಭರಣಿಯಲ್ಲಿ ತುಂಬಿ, ಕತ್ತಲಲ್ಲಿ ವಾರಗಟ್ಟಲೆ ಇಟ್ಟು ಸೋಸುತ್ತಾರಂತೆ. ಮೇಲೆ ಸೆಂಟು ಗಿಂಟು ಬೆರೆಸುವುದಿಲ್ಲ, ಎಲೆಯದೇ ವಾಸನೆ. ಆ ರಸವನ್ನು ಪೆನ್ನಿನಂಥ ಯಂತ್ರಕ್ಕೆ ಹಾಕಿ ಎಳೆದರೆ ಬೆಂಕಿಯಿಲ್ಲದೆ ಹೊಗೆ ಬರುತ್ತದೆ. ನನಗೆ ಕೇಳಿ ಬೆರಗು. ಅಂದರೆ ಹೊಗೆಸೊಪ್ಪಿಗೂ ಉಪ್ಪಿನಕಾಯಿ ಹಾಕಿದ ಹಾಗಾಯಿತಲ್ಲ! ಬೆರಗಿನ ಹಿಂದೆಯೇ ಹೆದರಿಕೆ.

"ಚಟ ಹತ್ತತೈತೋ ನಿನಗ" ಅಂದೆ.

"ಸೇದೂದಲ್ಲ ಅಜ್ಜಿ, ಬರೇ ನೋಡೂದು. ಒಂದ್ ಎಳತ, ಬಿಟ್ಟಬಿಡೂದು."

"ನಾನೂ ಬೀಡಿ ಬರೇ ನೋಡಾಕಂತನ ಹಿಡದಿದ್ದೆ. ರೈಲ್ವೆದಿಂದ ರಿಟೈರ್ ಆಗೂತನಾ ನೋಡಿದೆ" ಎಂದರು ನಮ್ಮ ಯಜಮಾನರು.

ಬ್ಯಾಂಕಿನಿಂದ ಬಂದ ಮಗ ಬೂಟು ಬಿಚ್ಚುತ್ತಲೇ ತೀರ್ಮಾನ ಕೊಟ್ಟ. "ಇದೊಂದ್ ನೋಡ್ಲಿ. ಇದೂ ಆಗ್ಲಿಲ್ಲಂದ್ರ ಸೋಮವಾರದಿಂದ ಗಾಂಧಿಬಾಗಿನ ಅರಿವಿ ಅಂಗಡ್ಯಾಗ ಕುಂದರ್ಬೇಕು. ಮಾತಾಡಿ ಬಂದೀನಿ." ಹುಡುಗನ ಮುಖ ಬಾಡಿತು. ಬಟ್ಟೆ ಅಳೆಯುವುದು ಕೆಟ್ಟ ಕೆಲಸವಲ್ಲ. ಆದರೆ ಅಲ್ಲಿ ನಾಲಿಗೆಗೆ ಕೆಲಸವಿಲ್ಲ. ಇವನಿಗೆ ದೇವರು ಕೊಟ್ಟದ್ದು ಅದೊಂದೇ.

ಪರೀಕ್ಷೆಗೆ ಮುಂಚೆ ನಾಲಿಗೆ ಮೂಗು ಎರಡೂ ಶುದ್ಧವಿರಬೇಕಂತೆ. ಖಾರ ಇಲ್ಲ, ಬೆಳ್ಳುಳ್ಳಿ ಇಲ್ಲ, ಒಗ್ಗರಣೆಯ ಘಾಟು ಕೂಡ ಮನೆಯಲ್ಲಿ ಏಳಬಾರದು. ಮನೆ ತುಂಬ ಗಂಜಿಯ ರಾಜ್ಯವಾಯಿತು. "ಪರೀಕ್ಷಾ ಅವಂದು, ಪಥ್ಯಾ ನಂದು" ಎಂದು ಯಜಮಾನರು ಗೊಣಗಿದರು. ನಾನು ಮಾತ್ರ ಬಾಣಂತನ ಮಾಡುವವಳ ಹಾಗೆ ಆ ನಾಲಿಗೆಯನ್ನು ಕಾದೆ.

ಅವನಪ್ಪ ಜೊತೆಗೆ ಹೋಗಲೊಲ್ಲ, ನಾನೇ ಸದರಿಗೆ ಹೊರಟೆ. ಶುಭಕಾರ್ಯವೆಂದು ತಲೆತುಂಬ ಮಲ್ಲಿಗೆ ಮುಡಿದಿದ್ದೆ. ಬಾಗಿಲಲ್ಲೇ ಕನ್ನಡಕದ ಸಾಹೇಬರೊಬ್ಬರು ಮೂಗರಳಿಸಿದರು. "ಆಜೀ, ಗಜರಾ ಬಾಹೇರ್!" ಎಂದರು. ಹೂವಿಗೆ ಪ್ರವೇಶವಿಲ್ಲ. ಬೆಳಗ್ಗೆ ಹಚ್ಚಿಕೊಂಡ ಕೊಬ್ಬರಿ ಎಣ್ಣೆಯನ್ನು ಎಲ್ಲಿ ಬಿಚ್ಚಿಡಲಿ? ನಾನೂ ಹೂವಿನ ಜೊತೆಗೇ ಹೊರಗೆ, ಗಾಜಿನ ಆಚೆಯ ಬೆಂಚಿನ ಮೇಲೆ ಕೂತೆ. ಬಾಗಿಲು ಅರ್ಧ ತೆರೆದಿತ್ತು, ಅದು ನನ್ನ ಪುಣ್ಯ.

ಹೆಸರು ಮುಚ್ಚಿದ ಪುಟ್ಟ ಪುಟ್ಟ ಬಾಟಲಿಗಳು. ಹುಡುಗ ಒಂದು ಎಳೆತ ಎಳೆದು, ಕಣ್ಣು ಮುಚ್ಚಿ, ಹೊಗೆಯನ್ನು ಮೆಲ್ಲಗೆ ಮೂಗಿನಿಂದ ಬಿಡುವನು. ಸಪ್ಪೆ ಬ್ರೆಡ್ಡಿನ ಚೂರು ತಿಂದು, ನೀರು ಮುಕ್ಕಳಿಸಿ, ಮುಂದಿನದು. ಒಂದರಲ್ಲಿ ಒಣಹುಲ್ಲು ಇದೆ ಅಂದ. ಇನ್ನೊಂದರಲ್ಲಿ ಒಣದ್ರಾಕ್ಷಿ, ಹಿಂದೆ ತೊಗಲಿನ ವಾಸನೆ. ಮತ್ತೊಂದರ ಎಲೆಯನ್ನು ಬಿಸಿಲಿಗಲ್ಲ, ಹೊಗೆಗೆ ಒಣಗಿಸಿದ್ದಾರೆ ಅಂದ. ನಾನು ಬಾಯಿ ಬಿಟ್ಟು ಕೂತಿದ್ದೆ. ಒಂದು ಗುಟುಕು ಹೊಗೆಯಲ್ಲಿ ಹೊಲ, ಕಣ, ಅಟ್ಟ, ಎಲ್ಲವೂ ಇದ್ದವೇ! ನಮ್ಮವರು ಇಷ್ಟು ವರ್ಷ ಬೀಡಿ ಎಳೆದು ಕೆಮ್ಮಿದ್ದು ಬಿಟ್ಟರೆ ಬೇರೇನೂ ಹೇಳಿರಲಿಲ್ಲ.

ಕಡೆಯ ಬಾಟಲಿಗೆ ಹುಡುಗ ತಡೆದ. ಮತ್ತೆ ಎಳೆದ. "ಸರ್, ಇಸ್ ಮೇ ಸಾಬೂನ್ ಹೈ" ಅಂದ. ಸಾಹೇಬರು ಕನ್ನಡಕ ತೆಗೆದರು. "ಸಾಬೂನ್? ಇದು ನಮ್ಮ ಎಲ್ಲಕ್ಕಿಂತ ಭಾರಿ ಮಾಲು" ಎಂದು ಹಿಂದಿಯಲ್ಲಿ ಗುಡುಗಿದರು. ಸೋಮವಾರದ ಅರಿವೆ ಅಂಗಡಿ ನನ್ನ ಕಣ್ಣ ಮುಂದೆ ಬಂದು ನಿಂತಿತು. ಸುಮ್ಮನಿರೋ ಮಗನೇ, ಮಾಲು ಚಲೋ ಐತಿ ಅನ್ನು ಎಂದು ಗಾಜಿನ ಈಚೆಯಿಂದ ಕೈಸನ್ನೆ ಮಾಡಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. "ಎಲೆಯ ತಪ್ಪಲ್ಲ ಸರ್, ಸೋಸಿದ ಬಟ್ಟೆ ಸರಿಯಾಗಿ ಜಾಲಿಸಿಲ್ಲ" ಅಂದ, ನಮ್ಮ ಮನೆಯ ಚಹಾ ಸೋಸುವ ಅರಿವೆಗೆ ಹೇಳುವ ಧಾಟಿಯಲ್ಲೇ. ಸಾಹೇಬರು ಒಳಗೆ ಹೋದರು. ಬಟ್ಟೆ ಮೂಸುತ್ತ ಹೊರಗೆ ಬಂದರು. ಬೆಂಚಿನ ತನಕ ಬಂದು ನನಗೆ ಕೈ ಮುಗಿದು, "ಆಜೀ, ಇವನನ್ನು ಏನು ಉಣಿಸಿ ಬೆಳೆಸಿದಿರಿ?" ಎಂದು ಕೇಳಿದರು. ಬೈಗಳನ್ನು ಉಣಿಸಿದೆ ಎಂದು ಹೇಳಲಿಲ್ಲ.

ಮನೆಗೆ ಬಂದವಳೇ ಒಲೆ ಹಚ್ಚಿದೆ. ಬದನೆಕಾಯಿ ಎಣ್ಣೆಗಾಯಿ, ಬೆಳ್ಳುಳ್ಳಿ ಒಗ್ಗರಣೆಯ ಸಾರು, ಜೋಳದ ರೊಟ್ಟಿ. ನಡುನಡುವೆ ಯಾರಾದರೂ ಬಂದರೆ ಸುದ್ದಿ ಹೇಳಲು ಬಾಗಿಲಿಗೆ ಓಡುತ್ತಿದ್ದೆ. ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಮಗ ತನ್ನ ತಟ್ಟೆಯ ಎಣ್ಣೆಗಾಯಿಯೊಂದನ್ನು ವಿನಾಯಕನ ತಟ್ಟೆಗೆ ಇಟ್ಟ. ಹುಡುಗ ಮೊದಲ ತುತ್ತು ಬಾಯಿಗಿಟ್ಟ, ಕಣ್ಣು ಮುಚ್ಚಿದ. ಸದರಿನ ಬೆಂಚಿನ ಮೇಲೆ ಕೂತ ಹಾಗೆಯೇ ನಾನು ಅವನ ಬಾಯನ್ನೇ ನೋಡುತ್ತ ಕೂತೆ.

"ಬರೋಬರ್ ಆಗೈತಿ ಅಜ್ಜಿ" ಅಂದ.

ಹುಟ್ಟಿದಾಗಿನಿಂದ ಅವನು ಆಡದ ಮಾತು! ಕಣ್ಣೊರೆಸಿಕೊಂಡು ನಾನೂ ತುತ್ತು ಮುರಿದು ಬಾಯಿಗಿಟ್ಟೆ. ಉಪ್ಪೇ ಇರಲಿಲ್ಲ. ಸಾರು ಹಚ್ಚಿಕೊಂಡೆ, ಅದರಲ್ಲೂ ಇಲ್ಲ. ಸುತ್ತ ನೋಡಿದೆ. ಸುನಂದಾ ತಲೆ ತಗ್ಗಿಸಿ ಉಣ್ಣುತ್ತಿದ್ದಳು, ಮಗ ಉಣ್ಣುತ್ತಿದ್ದ, ಯಜಮಾನರು ಇನ್ನೊಂದು ರೊಟ್ಟಿಗೆ ಕೈ ಚಾಚಿದ್ದರು. ಉಪ್ಪಿನ ಡಬ್ಬಿ ಕೈಯಳತೆಯಲ್ಲೇ ಇತ್ತು, ಮುಟ್ಟಲಿಲ್ಲ. ಪಾಸಾದ ನಾಲಿಗೆ ಕೊಟ್ಟ ತೀರ್ಪಿಗೆ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ಎದುರಾಡಲಾದೀತೆ? ಸುಮ್ಮನೆ ಇನ್ನೊಂದು ಸೌಟು ಬಡಿಸಿಕೊಂಡು ಉಂಡೆ.