ಅಕ್ಕನಿಗೆ ಓದಿಹೇಳಿದ್ದು

ಹೊಸ ಊರಿಗೆ ಹೋದೊಡನೆ ಕೆಲವರು ದೇವಸ್ಥಾನ ಎಲ್ಲಿ ಎಂದು ವಿಚಾರಿಸುತ್ತಾರೆ, ಕೆಲವರು ಒಳ್ಳೆಯ ಮೀನೂಟ ಎಲ್ಲಿ ಎಂದು. ನಾನು ಲೈಬ್ರರಿ ಎಲ್ಲಿ ಎಂದು ಕೇಳುವ ಪೈಕಿ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಇದೊಂದು ಕಾಯಿಲೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಲೈಬ್ರರಿಗಳಲ್ಲಿ ಯಾವ ಫ್ಯಾನು ಗಾಳಿ ಕೊಡುತ್ತದೆ, ಯಾವುದು ಬರೀ ಸದ್ದು ಮಾಡುತ್ತದೆ ಎಂಬುದೂ ನನಗೆ ಗೊತ್ತು. ನೆಂಟರ ಮದುವೆಗೆಂದು ಹೊರಟವನು ಧಾರೆಯ ಹೊತ್ತಿಗೆ ವಾಚನಾಲಯದಲ್ಲಿ ಸಿಕ್ಕಿಬಿದ್ದು, ಹೆಂಡತಿಯಿಂದ ಊಟಕ್ಕಿಂತ ಹೆಚ್ಚು ಬೈಗುಳ ತಿಂದದ್ದುಂಟು. ಈ ಹುಚ್ಚು ಹಿಡಿಸಿದವಳು ನನ್ನ ಅಕ್ಕ. ಬೀಜಾಡಿಯ ಮನೆಯಲ್ಲಿ ಒಲೆಯ ಮುಂದೆ ಕಾದಂಬರಿ ಹಿಡಿದು ಗಂಜಿ ಸೀಯಿಸುತ್ತಿದ್ದವಳು. ಮದುವೆಯಾಗಿ ಬೆಂಗಳೂರು ಸೇರಿದ ಮೇಲೆ ಭಾವನ ಹೋಟೆಲಿನ ಗಲ್ಲಾದಲ್ಲಿ ಕೂತು, ಮಧ್ಯಾಹ್ನ ಗಿರಾಕಿ ಕಡಿಮೆಯಾದದ್ದೇ ಹತ್ತಿರದ ದೊಡ್ಡ ಲೈಬ್ರರಿಗೆ ಓಡುತ್ತಿದ್ದಳಂತೆ.

ಕಳೆದ ವರ್ಷ ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದುಹಾಕಿತು. ನೋಡಿಬರಲು ಹೋದೆ. ಮನೆಯವರು ಅವಳನ್ನು ಗಾಜಿನ ಸಾಮಾನಿನಂತೆ ಕಾಯುತ್ತಿದ್ದರು. ಅವಳೋ ಎಲ್ಲರಿಗೂ ನಕ್ಕು ನಕ್ಕು ಧೈರ್ಯ ಹೇಳುತ್ತಿದ್ದಳು. ಎರಡನೆಯ ದಿನ, ತನ್ನನ್ನು ಲೈಬ್ರರಿಗೆ ಕರೆದೊಯ್ಯಬೇಕೆಂದಳು. ಕಣ್ಣಿಲ್ಲದವಳಿಗೆ ಅಲ್ಲಿ ಏನು ಕೆಲಸ ಎಂದುಕೊಳ್ಳುತ್ತಲೇ ಚಪ್ಪಲಿ ಮೆಟ್ಟಿದೆ.

ಒಳಗೆ ಕಾಲಿಟ್ಟದ್ದೇ ನಾನು ದಾರಿ ತಪ್ಪಿದೆ. ಛಾವಣಿ ತನಕ ಏರಿದ ಕಪಾಟುಗಳು, ಸಾಲಿನ ಹಿಂದೆ ಸಾಲು. ಅಕ್ಕನನ್ನು ಕಿಟಕಿ ಪಕ್ಕ ಕೂರಿಸಿ, ಜಾತ್ರೆಗೆ ಬಂದ ಮಗುವಿನ ಹಾಗೆ ಸುತ್ತಿದೆ. ನೆನಪಾಗಿ ಓಡಿಬಂದರೆ ಅವಳು ಮೇಜಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದಳು. ತನ್ನ ಇಷ್ಟದ ಹಳೆಯ ಕಾದಂಬರಿಯೊಂದನ್ನು ಹುಡುಕಿಸಿ, ಮೂಸಿ ನೋಡಿ, ಓದು ಎಂದಳು. ನನ್ನ ಪಿಸುಮಾತೂ ಹರಾಜು ಕೂಗಿದಂತೆ ಇರುತ್ತದೆ. ಎಲ್ಲ ತಲೆಗಳೂ ನಮ್ಮತ್ತ ತಿರುಗಿದವು. ಅಲ್ಲಿಯ ಸಿಬ್ಬಂದಿಯ ಹೆಂಗಸು ಬಂದು, ಹೊರಗಿನ ಜಗಲಿಯಲ್ಲಿ ಕೂತು ಓದಿಕೊಳ್ಳಿ ಎಂದು ಮೆತ್ತಗೆ ಹೇಳಿದಳು.

ಜಗಲಿಯಲ್ಲಿ ಕಥೆ ಚೆನ್ನಾಗಿಯೇ ಸಾಗಿತು. ಒಂದು ಕಡೆ ತಾಯಿಯ ಮಡಿಲಲ್ಲೇ ಮಗು ಸಾಯುತ್ತದೆ. ಇವಳಿಗೇಕೆ ಈ ಸಂಕಟ ಎಂದು, ಸದ್ದಿಲ್ಲದೆ ಆ ಪುಟ ಹಾರಿಸಿ ಮುಂದೆ ಓದಿದೆ.

"ಮಾಣಿ, ಒಂದ್ ಪುಟ ಬಿಟ್ಟೆ ಅಲ್ದಾ?" ಎಂದಳು ಅಕ್ಕ. ಮೊಮ್ಮಕ್ಕಳಿರುವ ನನ್ನನ್ನು ಇನ್ನೂ ಹುಡುಗನೆಂಬಂತೆ ಮಾಣಿ ಎನ್ನುವವಳು ಈಗ ಅವಳೊಬ್ಬಳೇ.

ಹಾಳೆ ಅಂಟಿಕೊಂಡಿತ್ತು ಎಂದು ಸುಳ್ಳು ಹೇಳಿದೆ.

"ಆ ಪುಟ ಕೇಂಬುಕೇ ನಾ ಬಂದದ್ದ್. ಮನ್ಯಗೆ ಮರ್ಕುಕೆ ಆತಿಲ್ಲೆ. ನನ್ ಕಣ್ಣಗೆ ನೀರ್ ಕಂಡ್ರೆ ಸಾಕ್, ಎಲ್ಲ ಓಡಿ ಬತ್ರ್. ಕತಿ ಕೇಂಡ್ ಮರ್ಕಿರೆ ಯಾರೂ ಎಂತಕೆ ಅಂದ್ ಕೇಂತಿಲ್ಲೆ."

ನಮ್ಮ ಕಡೆ ಕೇಂಬುದು ಎಂದರೆ ಕೇಳುವುದು, ಮರ್ಕುವುದು ಎಂದರೆ ಅಳುವುದು. ಪುಟ ಹಿಂದಕ್ಕೆ ತಿರುಗಿಸಿದೆ. ಮೊದಲ ಸಾಲು ಸರಿಯಾಗಿ ಬಂತು, ಎರಡನೆಯದನ್ನು ಎರಡು ಸಲ ಓದಿದೆ, ಮೂರನೆಯದರಲ್ಲಿ ಅಕ್ಷರಗಳೇ ಕಾಣದಾದವು. ಅಕ್ಕ ಕೈಚಾಚಿ ನನ್ನ ಬೆನ್ನು ಹುಡುಕಿದಳು, ತಡವಿದಳು, ಸೆರಗಿನಿಂದ ನನ್ನ ಮುಖ ಒರೆಸುವಾಗ ಕನ್ನಡಕವನ್ನೂ ಸೇರಿಸಿ ಒರೆಸಿದಳು. ಅವಳ ಕಣ್ಣು ಮಾತ್ರ ಒಣಗಿಯೇ ಇತ್ತು. ಪಾಪ, ಅಳಲೆಂದೇ ಇಲ್ಲಿಯವರೆಗೆ ಬಂದವಳ ಪಾಲಿನದನ್ನೂ ನಾನೇ ಅತ್ತು ಮುಗಿಸಿದ್ದೆ.

"ನಾಳೆ ಬೇರೆ ಯಾರನ್ನಾರೂ ಕರ್ಕಂಡ್ ಬತ್ತೆ," ಎಂದಳು ಅಕ್ಕ. "ನಿಂಗೆ ಸಮಾ ಓದುಕೆ ಬತ್ತಿಲ್ಲೆ."